ಕೊಟ್ಟಿಗೆಯಲ್ಲಿ ಬಂದ ಹಾಡುಗಳು

ಚಳಿ ಆಗಷ್ಟೇ ಕಾಲಿಟ್ಟಿತ್ತು. ವರ್ಷದ ಕೊನೆಯ ಹುಲ್ಲು ಹೊಲದಲ್ಲಿ ಒಣಗಿ ಗರಿಗರಿಯಾಗಿತ್ತು. ಮಂಜು ಬಿದ್ದು ಮತ್ತೆ ಮೆತ್ತಗಾಗುವ ಮೊದಲು ಅದನ್ನು ಅಟ್ಟಕ್ಕೆ ಸೇರಿಸಬೇಕು. ಗಂಡ ಕೆಳಗೆ ನಿಂತು ಕಟ್ಟು ಎತ್ತಿ ಕೊಡುತ್ತಿದ್ದ. ಅವನ ಅಕ್ಕ ಅಟ್ಟದ ಬಾಯಲ್ಲಿ ಮಂಡಿಯೂರಿ ಕುಳಿತು, ಬಂದ ಕಟ್ಟನ್ನು ಎಳೆದು ಒಳಗೆ ಒಟ್ಟುತ್ತಿದ್ದಳು. ಇಬ್ಬರ ನಡುವೆ ಏಣಿಯ ಮೇಲೆ ನಿಂತು ಕೆಳಗಿನದನ್ನು ಮೇಲಕ್ಕೆ ದಾಟಿಸುತ್ತಿದ್ದವಳು ಹಾಡಿನಕ್ಕ.

ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕರೆಯುತ್ತಿರಲಿಲ್ಲ. ಅದು ಸಭೆಯವರು ಇಟ್ಟ ಹೆಸರು. ಸುತ್ತಲಿನ ಊರುಗಳಲ್ಲಿ ಎಲ್ಲೆಲ್ಲಿ ಪ್ರಾರ್ಥನಾ ಸಭೆಗಳಿದ್ದವೋ ಅಲ್ಲೆಲ್ಲ ಅವಳು ಕಟ್ಟಿದ ಹಾಡು ಹಾಡುತ್ತಿದ್ದರು. ಎಲ್ಲೋ ಒಂದು ಹೆರಿಗೆ ವಾರ್ಡಿನಲ್ಲಿ, ಇನ್ನೆಲ್ಲೋ ಒಂದು ಸಮಾಧಿಯ ಪಕ್ಕದಲ್ಲಿ ತನ್ನ ಹಾಡು ಹೇಳಿದರಂತೆ ಎಂಬ ಸುದ್ದಿ ಆಗಾಗ ಅವಳ ಕಿವಿಗೆ ಬೀಳುತ್ತಿತ್ತು. ಮನೆಯಲ್ಲಿ ಮಾತ್ರ ಗಂಡ ಅವಳನ್ನು ‘ಇವಳೇ’ ಅನ್ನುತ್ತಿದ್ದ. ಗಂಡನ ಅಕ್ಕ, ಅವಳಿಗೆ ಅತ್ತಿಗೆ, ಮನಸ್ಸು ಸರಿಯಿದ್ದರೆ ‘ಏ ಹುಡುಗಿ’ ಅನ್ನುವಳು, ಇಲ್ಲದಿದ್ದರೆ ಏನೂ ಅನ್ನಳು.

“ಏ ಹುಡುಗಿ, ಇಳಿ ಕೆಳಗೆ,” ಅತ್ತಿಗೆ ಮೇಲಿನಿಂದ ಕೂಗಿದಳು. “ಬಸ್ಸು ನಿನ್ನ ಹಾಡು ಕೇಳ್ಕೊಂಡು ನಿಂತಿರಲ್ಲ.”

“ಇನ್ನು ನಾಲ್ಕು ಕಟ್ಟು ಇದೆ ಅತ್ತಿಗೆ.”

“ನಾಲ್ಕು ಕಟ್ಟನ್ನ ಇವನು ಎಸೀತಾನೆ, ನಾನು ಹಿಡೀತೀನಿ. ತಲೇಲಿ ಹುಲ್ಲು ಇಟ್ಕೊಂಡು ರೆಕಾರ್ಡಿಂಗಿಗೆ ಹೋದ್ರೆ ಹಸು ಬಂತು ಅಂದ್ಕೋತಾರೆ.”

“ಸಂಜೆ ಹಾಲು—”

“ಯಾವತ್ತು ಕರೀದೆ ಬಿಟ್ಟಿದ್ದೀನಿ ಹೇಳು. ಸಿಡುಕಿ ಒದ್ರೆ ನಿನ್ನ ದೇವರಿಗೇ ದೂರು ಕೊಡ್ತೀನಿ. ಹೋಗು.”

ಸಿಡುಕಿ ಅಂದರೆ ಮೂಲೆಯ ಗೂಟದ ಹಸು. ಹಾಡಿನಕ್ಕ ಇಳಿದು ಕೈಕಾಲು ತೊಳೆದು, ತಲೆ ಬಾಚಿ, ಬಸ್ಸಿಗೆ ಹೊರಟಳು. ಸಂಜೆಯ ಹಾಲು ಅತ್ತಿಗೆಯದು ಎಂಬುದು ಆ ಮನೆಯಲ್ಲಿ ಮಾತಾಡಿ ಆದ ಏರ್ಪಾಡಲ್ಲ. ಹಾಡಿನಕ್ಕ ವಾರಕ್ಕೆ ಮೂರು ನಾಲ್ಕು ಸಂಜೆ ಒಂದಲ್ಲ ಒಂದು ಸಭೆಗೆ ಹೋಗುತ್ತಿದ್ದಳು. ಹೋದಾಗ ಅತ್ತಿಗೆ ಕರೆಯುತ್ತಿದ್ದಳು. ಹೋಗದ ದಿನವೂ ರೂಢಿಯಿಂದ ಅವಳೇ ಕರೆದುಬಿಡುವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಹಾಲು, ಸಗಣಿ, ಹುಲ್ಲು, ಕರು ಎಂದು ಆ ಮನೆಯ ಅರ್ಧ ಭಾರ ಅವಳ ಬೆನ್ನಿನ ಮೇಲಿತ್ತು. ಸಭೆಗೆ ಮಾತ್ರ ಬರುತ್ತಿರಲಿಲ್ಲ. ಕರೆದರೆ, “ಹಸುವಿಗೆ ಭಾನುವಾರ ಅಂತ ಬರಲ್ಲ ಕಣೆ. ಅದಕ್ಕೆ ದಿನಾ ಸೋಮವಾರವೇ,” ಎಂದು ನಕ್ಕುಬಿಡುತ್ತಿದ್ದಳು.

ರೆಕಾರ್ಡಿಂಗ್ ಕೋಣೆ ಪೇಟೆಯಲ್ಲಿ, ಫ್ಯಾನು ರಿಪೇರಿ ಅಂಗಡಿಯ ಹಿಂದೆ ಇತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಬಣ್ಣ ಬಳಿದಿದ್ದರು. ಒಳಗೆ ಬೆಸುಗೆ ಹಾಕಿದ ವಾಸನೆ. ಸೌಂಡಿನವನು ತೆಳ್ಳನೆಯ ಮನುಷ್ಯ, ಸಭೆಗೆ ಸಂಬಂಧಪಟ್ಟವನಲ್ಲ. ಮದುವೆಯ ಬ್ಯಾಂಡು, ಚುನಾವಣೆಯ ಹಾಡು, ಸೋಪಿನ ಜಾಹೀರಾತು ಎಲ್ಲವನ್ನೂ ಅದೇ ಕೋಣೆಯಲ್ಲಿ ಮಾಡುತ್ತಿದ್ದ. ಅವಳ ಹಾಡುಗಳನ್ನು ಹಲವು ವಾರಗಳಿಂದ ಒಂದೊಂದಾಗಿ ತುಂಬಿಸಿಕೊಂಡು, ಅಂದು ಕೊನೆಯದನ್ನು ಮುಗಿಸುವುದಿತ್ತು. ಬರುವ ಭಾನುವಾರ ಸುತ್ತಲಿನ ಸಭೆಗಳವರೆಲ್ಲ ಸೇರಿ ಆ ಹಾಡುಗಳನ್ನು ದೇವರ ಸನ್ನಿಧಿಯಲ್ಲಿಟ್ಟು ಬಿಡುಗಡೆ ಮಾಡುವವರಿದ್ದರು.

ಕಿವಿಗೆ ಹೆಡ್‌ಫೋನ್ ಏರಿಸಿದರೆ ಒಳಗೆ ಟಕ್, ಟಕ್ ಎಂದು ತಾಳ ಬಡಿಯುವುದು. ಅದಕ್ಕೆ ಸರಿಯಾಗಿ ಹಾಡಬೇಕು. ಅವಳು ಕಣ್ಣುಮುಚ್ಚಿ ಹಾಡಿದಳು.

ಬೆಳಕಾಗುವ ಮುಂಚೆ ನನ್ನ ಹೆಸರ ಕರೆದೆ,
ಬಾಗಿಲು ತೆಗೆದರೆ ಒಳಗೇ ನೀನಿದ್ದೆ…

ಒಂದೇ ಸಲಕ್ಕೆ ಮುಗಿಯಿತು. ಸೌಂಡಿನವನು ಗಾಜಿನಾಚೆ ಕೈಯೆತ್ತಿ ತೋರಿಸಿ, ಬಾಗಿಲು ತೆಗೆದುಕೊಂಡು ಒಳಗೆ ಬಂದ.

“ಅಕ್ಕ, ನಿಮ್ಮಂಥವರು ನಾಲ್ಕು ಜನ ಸಿಕ್ಕಿದ್ರೆ ನನ್ನ ತಲೆಕೂದಲು ಉಳೀತಿತ್ತು,” ಅಂದ. “ಬೇರೆಯವರದ್ದು ಒಂದು ಹಾಡು ಓಡುತ್ತೆ, ಒಂದು ಕುಂಟುತ್ತೆ. ಪ್ರತಿ ಸಲ ತಾಳ ಹೊಸದಾಗಿ ಹಿಡೀಬೇಕು. ನಿಮ್ಮ ಮೊದಲನೇ ಹಾಡಿಗೆ ಈ ಟಕ್ ಟಕ್ ಇಟ್ಟಿದ್ದು, ಇವತ್ತಿನವರೆಗೂ ಮುಟ್ಟೇ ಇಲ್ಲ. ಎಲ್ಲ ಒಂದೇ ನಡೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.”

“ಎಲ್ಲವೂನಾ?”

“ಎಲ್ಲವೂ. ದುಃಖದ್ದೂ ಅದೇ, ಸಂತೋಷದ್ದೂ ಅದೇ. ಹೊಟ್ಟೇಲಿ ಗಡಿಯಾರ ನುಂಗಿದ್ದೀರಾ ಏನ್ ಕತೆ!”

ಅವಳಿಗೆ ಹಿಗ್ಗಾಯಿತು. ದಾರಿಯಲ್ಲಿ ಬಸ್ಸಿನಿಂದ ಪಾಸ್ಟರಿಗೆ ಫೋನು ಮಾಡಿ ಹೇಳಿದಾಗ ಅವರು ಇನ್ನೂ ಹಿಗ್ಗಿದರು. “ಇದನ್ನ ಭಾನುವಾರ ಸಾಕ್ಷಿಯಲ್ಲಿ ಹೇಳಬೇಕು ತಾಯಿ. ಕೊಡುವ ಕೈ ಒಂದೇ ಅಲ್ಲವಾ, ಅದಕ್ಕೇ ಬರುವ ಹಾಡಿಗೂ ಒಂದೇ ನಡೆ. ಮನುಷ್ಯ ಮಾಡಿದ್ದಾದರೆ ಒಂದು ಹಾಗೆ ಒಂದು ಹೀಗೆ ಇರ್ತಿತ್ತು.”

ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಹೇಳುವ ಅವಳ ಸಾಕ್ಷಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮದುವೆಯಾಗಿ ಬಂದ ಮೇಲೆ ಕೈಯಲ್ಲೇ ಹಾಲು ಕರೆದು ಕರೆದು ಅವಳ ಮಣಿಕಟ್ಟುಗಳು ಊದಿಕೊಂಡಿದ್ದವು. ಲೋಟ ಹಿಡಿದರೆ ಜಾರುವುದು, ಜಡೆ ಹಾಕಿಕೊಳ್ಳಲು ಬೆರಳು ಬಗ್ಗದು. ಒಂದು ಮುಂಜಾನೆ ಕೊಟ್ಟಿಗೆಯಲ್ಲಿ ಅತ್ತು, ಕರ್ತನೇ ಈ ಕೈಗಳನ್ನು ನೀನೇ ನೋಡು ಎಂದಳು. ಕೆಲವು ತಿಂಗಳಲ್ಲಿ ನೋವು ಹೋಯಿತು. ಅದರ ಬೆನ್ನಿಗೇ, ಅದೇ ಕೊಟ್ಟಿಗೆಯಲ್ಲಿ, ಹಾಡು ಬರತೊಡಗಿತು. ‘ನಾನು ಕಟ್ಟಿದ್ದಲ್ಲ. ಬಂದದ್ದಕ್ಕೆ ಬಾಯಿ ಕೊಟ್ಟೆ ಅಷ್ಟೆ,’ ಎಂದು ಅವಳು ಪ್ರತಿ ಸಭೆಯಲ್ಲೂ ಹೇಳುತ್ತಿದ್ದಳು. ಹೇಳುವಾಗ ಅವಳ ಕಣ್ಣು ತುಂಬುತ್ತಿದ್ದುದು ನಿಜವಾಗಿಯೇ.

ಮರುದಿನ ಬೆಳಗಿನ ಹಾಲಿಗೆ ಹೋದಾಗ ಕಿವಿಯಲ್ಲಿ ಇನ್ನೂ ಆ ಟಕ್ ಟಕ್ ಇತ್ತು. ನಿನ್ನೆಯದೆಲ್ಲ ತಲೆಯಲ್ಲೇ ಕೂತಿದೆ ಎಂದುಕೊಂಡು ಮೊದಲ ಹಸುವಿನ ಕೆಚ್ಚಲು ಒರೆಸಿ, ಹಾಲು ಕರೆಯುವ ಯಂತ್ರದ ನಾಲ್ಕು ಬಟ್ಟಲುಗಳನ್ನು ಮೊಲೆಗಳಿಗೆ ಏರಿಸಿದಳು. ಟಕ್, ಟಕ್. ಎರಡನೆಯದಕ್ಕೆ ಏರಿಸಿದಳು. ಟಕ್, ಟಕ್. ಮೂರನೆಯ ಹಸು ಮುಗಿದ ಮೇಲೆ ಕ್ಯಾನು ಬದಲಿಸಲೆಂದು ಮೋಟಾರು ನಿಲ್ಲಿಸಿದಳು. ಕಿವಿಯೊಳಗಿನ ಟಕ್ ಟಕ್ ಕೂಡ ನಿಂತಿತು.

ಕ್ಯಾನು ಹಿಡಿದುಕೊಂಡು ಹಾಗೇ ನಿಂತಳು. ಮತ್ತೆ ಮೋಟಾರು ಹಾಕಿದಳು. ಬಂತು. ಆರಿಸಿದಳು. ಹೋಯಿತು.

ಆ ಕರೆಯುವ ಯಂತ್ರದ ಕ್ಯಾನಿನ ಮುಚ್ಚಳದ ಮೇಲೆ ಮುಷ್ಟಿಗಾತ್ರದ ಒಂದು ಪುಟ್ಟ ಪೆಟ್ಟಿಗೆ ಇತ್ತು. ಗಾಳಿಯನ್ನು ಒಮ್ಮೆ ಎಳೆದು ಒಮ್ಮೆ ಬಿಟ್ಟು, ಕರು ಚೀಪಿದ ಹಾಗೆ ಬಟ್ಟಲುಗಳನ್ನು ನಡೆಸುವುದು ಅದರ ಕೆಲಸ. ಮನೆಯವರು ಅದನ್ನು ಟಿಕ್‌ಟಿಕಿ ಅನ್ನುತ್ತಿದ್ದರು. ಅವಳು ಕ್ಯಾನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಟಿಕ್‌ಟಿಕಿಗೆ ಕಿವಿಗೊಟ್ಟು, ಮೆಲ್ಲಗೆ ‘ಬೆಳಕಾಗುವ ಮುಂಚೆ’ ಹಾಡಿದಳು. ಹೆಜ್ಜೆಗೆ ಹೆಜ್ಜೆ ಕೂತಿತು. ಇನ್ನೊಂದು ಹಾಡಿದಳು, ಹೆರಿಗೆ ವಾರ್ಡಿನಲ್ಲಿ ಹಾಡಿದರೆಂಬ ಆ ಹಾಡು. ಅದೂ ಕೂತಿತು. ಸಮಾಧಿಯದ್ದೂ ಕೂತಿತು.

ಅವಳಿಗೆ ಮೊದಲು ಬಂದದ್ದು ನಗು. ನಗು ಮುಗಿಯುವಷ್ಟರಲ್ಲಿ ಲೆಕ್ಕ ಹಾಕತೊಡಗಿದ್ದಳು. ಯಂತ್ರ ಮನೆಗೆ ಬಂದದ್ದು ಯಾವಾಗ? ಕೈನೋವಿನ ವರ್ಷ. ಹಾಡು ಬರಲು ಶುರುವಾದದ್ದು? ಆ ವರ್ಷವೇ. ನೋವು ಹೋದದ್ದು? ಕೈಯಲ್ಲಿ ಕರೆಯುವುದು ತಪ್ಪಿದರೆ ನೋವು ಹೋಗದೆ ಇನ್ನೇನಾಗುತ್ತದೆ? ಅವಳು ಇದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಯಂತ್ರ ಸಾಕ್ಷಿಯಲ್ಲಿ ಬರುವಂಥ ಮಾತು ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸಭೆಗೆ ಹೋದೆ ಎಂದು ಯಾರಾದರೂ ಹೇಳುತ್ತಾರೆಯೇ?

ಹಾಗಾದರೆ ಬಾಗಿಲು ತೆಗೆದರೆ ಒಳಗೆ ಇದ್ದದ್ದು ಯಾರು?

ಆ ದಿನವೆಲ್ಲ ಅವಳಿಗೆ ಒಂದೂ ತಿಳಿಯಲಿಲ್ಲ. ಹಾಲಿನ ಡಿಪೋಗೆ ಹೋಗಿ ಕ್ಯಾನು ಅಲ್ಲೇ ಬಿಟ್ಟು ಬಂದಳು. ಅಡುಗೆಗೆ ಉಪ್ಪು ಎರಡು ಸಲ ಬಿತ್ತು. “ಹಾಡು ಬರ್ತಾ ಇದೆಯಾ?” ಎಂದು ಗಂಡ ಕೇಳಿದ. ಹಾಡು ಬರುವಾಗ ಅವಳು ಹೀಗೇ ಇರುತ್ತಿದ್ದಳು. “ಇಲ್ಲ ರೀ, ಹೋಗ್ತಾ ಇದೆ,” ಅಂದಳು. ಅವನು ಮಜ್ಜಿಗೆ ಕುಡಿದು ಎದ್ದ.

ಮರುದಿನ ಬೆಳಗ್ಗೆ ಅವಳೇ ಅವನನ್ನು ಕೊಟ್ಟಿಗೆಗೆ ಕರೆದಳು.

“ರೀ, ಈ ಟಿಕ್‌ಟಿಕಿಗೆ ಒಂದು ತಿರುಪು ಇದೆಯಲ್ಲ. ತಿರುಗಿಸಿದ್ರೆ ಏನಾಗುತ್ತೆ?”

“ನಿಧಾನ ಆಗುತ್ತೆ, ಇಲ್ಲಾ ಜೋರಾಗುತ್ತೆ. ಯಾಕೆ?”

“ಒಂಚೂರು ನಿಧಾನ ಮಾಡಿ.”

“ಹಸುಗಳಿಗೆ ಇದು ಒಗ್ಗಿಹೋಗಿದೆ ಇವಳೇ. ಜೋಡಿಸೋಕೆ ಬಂದವನು ಇಟ್ಟು ಹೋದ ಮೇಲೆ ನಾನೇ ಮುಟ್ಟಿಲ್ಲ.”

“ಇವತ್ತೊಂದು ದಿನ.”

ಅವನು ಅವಳ ಮುಖ ನೋಡಿ, ಸ್ಕ್ರೂಡ್ರೈವರ್ ತಂದು ಅರ್ಧ ಸುತ್ತು ತಿರುಗಿಸಿದ. ಯಂತ್ರ ಉಬ್ಬಸ ಬಂದ ಮುದುಕನ ಹಾಗೆ ಎಳೆದೆಳೆದು ಬಿಡತೊಡಗಿತು. ಅವಳು ಹಸುವಿನ ಪಕ್ಕೆಗೆ ಹಣೆಯಾನಿಸಿ ಕಣ್ಣುಮುಚ್ಚಿದಳು. ಬರಬೇಡ, ಬರಬೇಡ ಎಂದು ಒಳಗೇ ಬೇಡಿಕೊಂಡಳು. ಬಂದರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಬಂದೇ ಬಂತು. ಹೊಸ ರಾಗ, ಉದ್ದುದ್ದ ಎಳೆತ, ಅವಳು ಈವರೆಗೆ ಮಾಡಿದ್ದರಲ್ಲೆಲ್ಲ ಚಂದದ್ದು. ಮಾತೂ ಅದರ ಜೊತೆಗೇ ಬಂತು: ನಿಂತಲ್ಲೇ ನಿಂತಿರುವೆ, ನೀ ಬರುವ ತನಕ.

ಅಷ್ಟರಲ್ಲಿ ಸಿಡುಕಿ ಬಟ್ಟಲು ಒದ್ದು ಕಳಚಿತು. ಉಳಿದ ಹಸುಗಳೂ ಕಾಲು ಬದಲಿಸಿ ಬದಲಿಸಿ ಹಾಲು ಮೇಲೆಳೆದುಕೊಂಡವು.

“ನೋಡಿದ್ಯಾ? ನಾನು ಹೇಳಲಿಲ್ವಾ?” ಎಂದು ಗಂಡ ತಿರುಪನ್ನು ಮೊದಲಿನ ಜಾಗಕ್ಕೆ ತಂದ. ಅವಳು ಸಗಣಿಯ ನೆಲದ ಮೇಲೆ ಕೂತೇಬಿಟ್ಟಿದ್ದಳು. ಅರ್ಧ ಸುತ್ತಿಗೆ ಬೇರೆ ಹಾಡು! ದೇವರು ಸ್ಕ್ರೂಡ್ರೈವರಿಗೆ ಕಾದಿದ್ದನೇ?

ಅತ್ತಿಗೆಗೆ ಹೇಳಿದ್ದು ಅಂದು ಸಂಜೆ. ಹೇಳಬೇಕೆಂದೇನೂ ಇರಲಿಲ್ಲ. ಕರುಗಳಿಗೆ ಹಾಲು ಕುಡಿಸುತ್ತ ಇಬ್ಬರೂ ಅಕ್ಕಪಕ್ಕ ಬಗ್ಗಿ ನಿಂತಿದ್ದರು. ಅತ್ತಿಗೆಯಾದರೆ ನಕ್ಕು ಹಗುರ ಮಾಡಿಬಿಡುತ್ತಾಳೆ ಎಂದು ಹಾಡಿನಕ್ಕ ಬಾಯಿಬಿಟ್ಟಳು. ಸೌಂಡಿನವನ ಮಾತು, ಟಿಕ್‌ಟಿಕಿ, ತಿರುಪು ಎಲ್ಲ ಹೇಳಿದಳು. “ನೀವೇ ಹೇಳಿ ಅತ್ತಿಗೆ, ಇಷ್ಟು ವರ್ಷ ನಾನು ದೇವರದ್ದು ಅಂತ ಹಾಡಿದ್ದು ಆ ಡಬ್ಬಿದಾ?”

ಅತ್ತಿಗೆ ನಗಲಿಲ್ಲ. ಕರುವಿನ ಬಾಯಿಂದ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು.

“ಹಾಗಾದ್ರೆ ನಾನು ಮಾಡಿದ್ದು ಏನು?” ಅಂದಳು.

“ನೀವು ಏನು ಮಾಡಿದ್ರಿ?”

“ಏನು ಮಾಡಿದ್ರಿ ಅಂತ ಕೇಳ್ತಿದ್ದೀಯಾ? ಆರೇಳು ವರ್ಷದ ಸಂಜೆ ಕಣೆ ಅದು. ನೀನು ಅಲ್ಲಿ ಹಾಡ್ತಾ ಇದ್ದೆ, ನಾನು ಇಲ್ಲಿ ಕರೀತಾ ಇದ್ದೆ. ಸಭೆಗೆ ಬರಲ್ಲ, ಬರಲ್ಲ ಅಂತೀರಲ್ಲ ಎಲ್ಲರೂ. ನನ್ನದು ಸಭೆ ಇದೇ ಅಂದ್ಕೊಂಡಿದ್ದೆ. ನಿನ್ನ ಬಾಯಿ ದೇವರಿಗೆ ಬೇಕಂತೆ, ನನ್ನ ಕೈ ನಿನಗೆ ಬೇಕು, ಅಂದ ಮೇಲೆ ನನ್ನ ಕೈಯೂ ಅಲ್ಲಿಗೇ ಹೋಗಿ ಸೇರುತ್ತೆ ಅಂತ. ಇವತ್ತು ಬಂದು ಅದೆಲ್ಲ ಡಬ್ಬಿ ಮಾಡಿದ್ದು ಅಂತೀಯ. ಮತ್ತೆ ನಾನು ಯಾರ ಚಾಕರಿ ಮಾಡಿದೆ? ಡಬ್ಬಿದಾ?”

“ಅತ್ತಿಗೆ, ನಾನು ಹಾಗೆ ಹೇಳಲಿಲ್ಲ…”

“ಹೇಗೆ ಹೇಳಿದೆ ಮತ್ತೆ? ನಿನಗೇ ಗೊತ್ತಿಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ?”

ಅತ್ತಿಗೆ ಬಕೆಟ್ಟು ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

“ಆ ಡಬ್ಬಿ ಈ ಕೊಟ್ಟಿಗೆಗೆ ಹೇಗೆ ಬಂತು, ಅದಾದ್ರೂ ಗೊತ್ತಾ?”

“ಇವರು ತಂದ್ರು.”

“ಇವರು! ಇವನು ಹಗ್ಗ ಕಿತ್ತುಹೋದ್ರೆ ಮೂರು ಕಡೆ ಗಂಟು ಹಾಕಿ ನಡೆಸೋ ಗಂಡು. ಯಂತ್ರ ತರ್ತಾನಾ?” ಎಂದು ಹೇಳಿ ಹೊರಟುಹೋದಳು.

ಹಾಡಿನಕ್ಕ ಗಂಡನನ್ನು ಹುಡುಕಿಕೊಂಡು ಹೋದಳು. ಅವನು ಹಿತ್ತಿಲಲ್ಲಿ ಕುಡುಗೋಲಿಗೆ ಹಿಡಿ ಕೂರಿಸುತ್ತಿದ್ದ. ಕೇಳಿದ್ದಕ್ಕೆ ತಲೆಯೆತ್ತದೆ ಹೇಳಿದ.

“ಅಕ್ಕನ ಎರಡು ಕಡಸು ಇದ್ವಲ್ಲ, ಅಪ್ಪ ಅವಳ ಹೆಸರಿಗೆ ಬಿಟ್ಟಿದ್ದು. ಅವು ಹೋದ್ವು. ಅವನ್ನ ಕೊಟ್ರೆ ಹಳೇ ಯಂತ್ರ ಕೊಡ್ತೀನಿ ಅಂತ ದೊಡ್ಡ ಹಟ್ಟಿಯವನು ಹೇಳಿದ್ದ, ಅಕ್ಕನೇ ಹೊಡ್ಕೊಂಡು ಹೋಗಿ ಅವನ ಹಟ್ಟಿಗೆ ಕಟ್ಟಿ ಬಂದ್ಲು. ‘ಆ ಹುಡುಗಿ ಕೈ ನೋಡೋಕೆ ಆಗಲ್ಲ ಕಣೋ, ಕಡಸು ನೋಡ್ಕೊಂಡು ಕೂತಿರೋಕೆ ಆಗುತ್ತಾ’ ಅಂದ್ಲು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಬೇಡ ಅಂದ್ಲು. ಆಮೇಲೆ ನೀನು ಎಲ್ಲ ಕಡೆ ದೇವರು ಮಾಡಿದ ಅಂತ ಹೇಳೋಕೆ ಶುರುಮಾಡಿದೆ. ಇನ್ನು ಮಧ್ಯೆ ಹೋಗಿ ನಾನೇನು ಹೇಳ್ಲಿ? ದೇವರಿಗೂ ಅಕ್ಕನಿಗೂ ಜಗಳ ಹಚ್ಚಲಾ?”

ಅವನ ಮಾತಿಗೆ ನಗು ಬರಬೇಕಿತ್ತು. ಅವಳು ಕಲ್ಲಿನ ಮೇಲೆ ಕೂತಳು. ಕೈ ವಾಸಿಮಾಡು ಎಂದು ಬೇಡಿದ್ದು ದೇವರನ್ನು. ಕಡಸು ಹೊಡೆದುಕೊಂಡು ಹೋದದ್ದು ಅತ್ತಿಗೆ. ತಾನು ಬೇಡಿದ್ದು ಅತ್ತಿಗೆಗೆ ಕೇಳಿಸಿತ್ತೇ? ಅಥವಾ ದೇವರಿಗೆ ಕೇಳಿಸಿ ಅವನು ಅತ್ತಿಗೆಗೆ ಹೇಳಿದನೇ? ಅಥವಾ ಯಾರೂ ಯಾರಿಗೂ ಹೇಳದೆ, ಊದಿದ ಕೈ ಕಣ್ಣಿಗೆ ಬಿದ್ದು ಅಷ್ಟೇ ಆಯಿತೇ? ಮೂರನ್ನೂ ಒಂದಾದ ಮೇಲೊಂದು ನಂಬಿ ನೋಡಿದಳು. ನಂಬುವಾಗ ಮೂರೂ ನಿಜವೆನ್ನಿಸುವುದು, ಬಿಟ್ಟರೆ ಮೂರೂ ಸುಳ್ಳೆನ್ನಿಸುವುದು.

ಭಾನುವಾರ ಬಂತು. ಅವಳಿಗೆ ಭಯವಿದ್ದದ್ದು ಒಂದೇ ವಿಷಯಕ್ಕೆ. ಅಷ್ಟು ಜನರ ಮುಂದೆ ನಿಂತು ‘ಬಂದದ್ದಕ್ಕೆ ಬಾಯಿ ಕೊಟ್ಟೆ’ ಎಂದು ಹೇಳಬೇಕು. ಹೇಳದಿದ್ದರೆ ಹಾಡುಗಳು ಅನಾಥ. ಹೇಳಿದರೆ ತಾನು ಸುಳ್ಳುಗಾರ್ತಿ. ಹೊರಡುವ ಹೊತ್ತಿಗೆ ಅತ್ತಿಗೆ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಮಡಿಕೆಯ ಗೆರೆಗಳು ಎದ್ದುಕಾಣುವ ಹಾಗೆಯೇ ಜಗುಲಿಯಲ್ಲಿ ನಿಂತಿದ್ದಳು.

“ನೀವೂ ಬರ್ತೀರಾ?”

“ಅಲ್ಲಿ ಏನು ಹೇಳ್ತೀಯೋ ಕೇಳ್ಬೇಕು,” ಅಂದಳು.

ಸಭೆಯ ಕಟ್ಟಡ ಒಂದು ಕಾಲದಲ್ಲಿ ಧಾನ್ಯದ ಗೋದಾಮಾಗಿತ್ತು. ಎತ್ತರದ ತಗಡಿನ ಮಾಡು, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಜಾಗ ಸಾಲದೆ ಗೋಡೆಗುಂಟ ನಿಂತ ಜನ. ಮೂರು ಹಾಡು ಎಲ್ಲರೂ ಸೇರಿ ಹಾಡಿದರು. ನೂರಾರು ಬಾಯಿಯಲ್ಲಿ ತನ್ನ ಹಾಡು ಏಳುವಾಗ ಹಾಡಿನಕ್ಕನಿಗೆ ಎಂದಿನಂತೆ ಮೈ ಜುಮ್ಮೆಂದಿತು. ಅದೇ ಹೊತ್ತಿಗೆ ಅವಳ ಬಲಗಾಲಿನ ಹೆಬ್ಬೆರಳು ಟಿಕ್‌ಟಿಕಿಯ ಲೆಕ್ಕದಲ್ಲಿ ನೆಲ ಬಡಿಯುತ್ತಿತ್ತು. ಅವಳು ಅದರ ಮೇಲೆ ಎಡಗಾಲು ಇಟ್ಟು ಒತ್ತಿ ಹಿಡಿದಳು.

ಪಾಸ್ಟರು ಮೈಕು ಕೊಟ್ಟರು. ಅತ್ತಿಗೆ ಕೊನೆಯ ಸಾಲಿನಲ್ಲಿ, ಬಾಗಿಲ ಬಳಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ನಾನು ನಿಮಗೆ ಹಿಂದೆ ಹೇಳಿದ್ದರಲ್ಲಿ ಸ್ವಲ್ಪ ಬಿಟ್ಟುಹೋಗಿದೆ,” ಎಂದು ಹಾಡಿನಕ್ಕ ಶುರುಮಾಡಿದಳು. “ನನ್ನ ಕೈ ವಾಸಿಯಾಗಿದ್ದು ಹಾಲು ಕರೆಯೋ ಯಂತ್ರ ಬಂದದ್ದಕ್ಕೆ. ಯಂತ್ರ ಬಂದದ್ದು ನಮ್ಮ ಅತ್ತಿಗೆ ತಮ್ಮ ಎರಡು ಕಡಸು ಕೊಟ್ಟಿದ್ದಕ್ಕೆ. ನನಗೆ ಅದು ಮೊನ್ನೆವರೆಗೂ ಗೊತ್ತಿರಲಿಲ್ಲ. ಹಾಡು ಬಂದದ್ದೂ ಆ ಯಂತ್ರದ ಸದ್ದಿಗೇ ಇರಬೇಕು. ಎಲ್ಲ ಹಾಡಿಗೂ ಅದರದ್ದೇ ತಾಳ ಇದೆ. ನಿಧಾನ ಮಾಡಿದ್ರೆ ಹಾಡೂ ನಿಧಾನ ಆಗುತ್ತೆ, ನಾನು ನೋಡಿದೆ. ಅದಕ್ಕೇ, ಇದು ದೇವರು ಕೊಟ್ಟಿದ್ದು ಅಂತ ಇವತ್ತು ನನಗೆ ಹೇಳೋಕೆ ಆಗ್ತಾ ಇಲ್ಲ. ಅಲ್ಲ ಅಂತ ಹೇಳೋಕೂ ಆಗ್ತಾ ಇಲ್ಲ. ನನಗೆ ಗೊತ್ತಾಗ್ತಾ ಇಲ್ಲ.”

ಮುಂದಿನ ಸಾಲಿನಲ್ಲಿ ಯಾರೋ “ಹಲ್ಲೆಲೂಯ!” ಅಂದರು. ಹಿಂದಿನಿಂದ ಇನ್ನೊಬ್ಬರು ಅಂದರು. ಚಪ್ಪಾಳೆ ಎದ್ದಿತು. ಪಾಸ್ಟರು ಕಣ್ಣೊರೆಸಿಕೊಂಡು ಮೈಕು ತೆಗೆದುಕೊಂಡರು. “ನೋಡಿದಿರಾ ನಮ್ಮ ಸಹೋದರಿಯ ದೀನತೆ! ಬೈಬಲಿನಲ್ಲಿ ಕತ್ತೆಯ ಬಾಯಲ್ಲಿ ಮಾತಾಡಿಸಿದ ದೇವರಿಗೆ ಯಂತ್ರ ಒಂದು ದೊಡ್ಡದಾ? ಕರ್ತನಿಗೆ ಸ್ತೋತ್ರ!” ಜನ ಎದ್ದು ನಿಂತರು.

ನಾನು ಹೇಳಿದ್ದು ಅದಲ್ಲ, ಎಂದು ಹಾಡಿನಕ್ಕ ಬಾಯಿ ತೆರೆದಳು. ಮೈಕು ಅವಳ ಕೈಯಲ್ಲಿರಲಿಲ್ಲ. ತನಗೆ ಗೊತ್ತಿಲ್ಲ ಎಂದದ್ದನ್ನು ಇವರು ತನಗಿಂತ ಚೆನ್ನಾಗಿ ತಿಳಿದುಕೊಂಡ ಹಾಗಿತ್ತು. ಅವರು ಹೇಳುವುದೇ ಸರಿಯಿರಬಹುದೇ? ಇರಲೂಬಹುದು. ಆದರೂ ಅವಳ ತಪ್ಪೊಪ್ಪಿಗೆಯನ್ನು ಯಾರೂ ತೆಗೆದುಕೊಳ್ಳದೆ ಅವಳ ಕೈಗೇ ವಾಪಸು ಕೊಟ್ಟ ಹಾಗಾಗಿತ್ತು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಹೆಂಗಸರು ಅತ್ತಿಗೆಯ ಕೈ ಹಿಡಿದು ಅಲ್ಲಾಡಿಸುತ್ತಿದ್ದರು. ಅತ್ತಿಗೆ ಸಂತೆಯಲ್ಲಿ ಯಾರದೋ ಗಂಟು ತನ್ನ ಕೈಗೆ ಬಂದವಳಂತೆ ನೋಡುತ್ತಿದ್ದಳು.

ಊಟ ಮುಗಿಸಿ ಗಂಡ ಕುರ್ಚಿ ಎತ್ತಿಡಲು ಉಳಿದುಕೊಂಡ. ಹಾಡಿನಕ್ಕ, ಅತ್ತಿಗೆ ಇಬ್ಬರೂ ಹೊಲದ ದಾರಿಯಲ್ಲಿ ನಡೆದರು. ಕೊಯ್ದ ಹುಲ್ಲಿನ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಅತ್ತಿಗೆ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಮುಂದೆ ಹೋಗುತ್ತಿದ್ದಳು.

“ಅದರಲ್ಲಿ ಕತ್ತೆ ಯಾರು? ನಾನಾ, ಯಂತ್ರವಾ?” ಎಂದಳು.

“ಇಬ್ಬರೂ ಅಲ್ಲ ಅತ್ತಿಗೆ, ನಾನೇ.”

“ಹೂಂ.” ಸ್ವಲ್ಪ ದೂರ ಹೋದ ಮೇಲೆ, “ಕಡಸಿನ ವಿಷಯ ಯಾಕೆ ಎತ್ತಿದೆ? ನಾನು ಕೇಳಿದ್ನಾ?”

“ಇಲ್ಲ.”

“ನಾನು ಕೇಳಿದ್ದು ಒಂದು. ಅದಕ್ಕೆ ಉತ್ತರ ಅಲ್ಲೂ ಸಿಗಲಿಲ್ಲ. ಚಪ್ಪಾಳೆ ಹೊಡೆದ್ರು. ಊಟ ಚೆನ್ನಾಗಿತ್ತು.”

“ನನಗೆ ಗೊತ್ತಿದ್ರೆ ಹೇಳ್ತಿದ್ದೆ ಅತ್ತಿಗೆ. ಆಣೆಗೂ ಗೊತ್ತಿಲ್ಲ.”

ಅತ್ತಿಗೆ ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಲು ಹೊರಟವನಿಗೆ ದಾರಿ ಕೇಳುವವನೇ ಎದುರಾದರೆ ಹೇಗಿರುತ್ತದೋ ಹಾಗಿತ್ತು. “ಸರಿ ಬಿಡು. ಆದ್ರೆ ಇನ್ನು ಮೇಲೆ ಸಂಜೆ ನಾನು ಕೊಟ್ಟಿಗೆಗೆ ಬರಲ್ಲ. ಯಾರದ್ದು ಅಂತ ಗೊತ್ತಿಲ್ಲದ ಕೆಲಸಕ್ಕೆ ಕೈ ಮುಂದಕ್ಕೆ ಹೋಗ್ತಾ ಇಲ್ಲ ಕಣೆ. ಮುನಿಸು ಅಂತ ತಿಳ್ಕೋಬೇಡ. ನಿನ್ನೆ ಸಂಜೆ ಕರೀತಾ ಕೂತಾಗ ನೋಡಿದೆ, ಬರೀ ಹಾಲು ಬರ್ತಿತ್ತು. ಅಷ್ಟೇ. ಮೊದಲು ಹಾಗಿರಲಿಲ್ಲ.”

ಮನೆ ತಲುಪುತ್ತಲೇ ಹಾಡಿನಕ್ಕ ಫೋನು ತೆಗೆದಳು. ಮಂಗಳವಾರ ಹೊಳೆಯಾಚೆಯ ಸಭೆ, ಗುರುವಾರ ಆಸ್ಪತ್ರೆಯ ಪ್ರಾರ್ಥನೆ, ಶನಿವಾರ ಯುವಕರ ಕೂಟ. ಪಾಸ್ಟರಿಗೇ ಮಾಡಿ, ಬರಲು ಆಗುವುದಿಲ್ಲ ಎಂದಳು.

“ಯಾವುದಕ್ಕೂನಾ? ಹಾಡುಗಳು ಈಗ ತಾನೇ ಹೊರಗೆ ಬಂದಿವೆ ತಾಯಿ. ಈಗಲೇ ಹೀಗಂದ್ರೆ ಹೇಗೆ? ಕಾರಣ ಏನು ಅಂತ ಹೇಳಲಿ ಅವರಿಗೆ?”

ಅವಳು ಯೋಚಿಸಿದಳು. ನಂಬಿಕೆ ಹೋಯಿತು ಎಂದರೆ ಸುಳ್ಳಾಗುತ್ತಿತ್ತು. ಹುಷಾರಿಲ್ಲ ಎಂದರೂ ಸುಳ್ಳೇ.

“ಸಂಜೆ ಹೊತ್ತು ಹಾಲು ಕರೀಬೇಕು,” ಅಂದಳು. “ನಮ್ಮ ಅತ್ತಿಗೆಯ ಸಂಜೆಗಳು ನನ್ನ ಮೇಲೆ ಸಾಲ ಇವೆ. ಆರೇಳು ವರ್ಷದ್ದು. ಅದು ತೀರಲಿ.”

“ಅಷ್ಟು ವರ್ಷ ಹಾಡೋದೇ ಇಲ್ವಾ?”

“ಬೆಳಗ್ಗೆ ಬಂದ್ರೆ ಹಾಡ್ತೀನಿ. ಯಾರು ಕೊಟ್ಟಿದ್ದು ಅಂತ ಮಾತ್ರ ನನ್ನ ಕೇಳಬೇಡಿ ಅಂತ ಹೇಳಿ.”

ಪಾಸ್ಟರು ಪ್ರಾರ್ಥನೆ ಮಾಡೋಣ ಎಂದರು. ಫೋನಿನಲ್ಲೇ ಮಾಡಿದರು. ಅವಳು ಆಮೆನ್ ಅಂದಳು. ಅಂದದ್ದು ಮನಸಾರೆಯೇ, ಅದು ಅವಳಿಗೇ ಆಶ್ಚರ್ಯವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಸೀರೆ ಬದಲಿಸಿ ಹಾಲಿನ ಕ್ಯಾನು ತೊಳೆದು ಹೊರಗೆ ಬಂದಳು. ಅತ್ತಿಗೆ ಇನ್ನೂ ಸಭೆಗೆ ಉಟ್ಟಿದ್ದ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಕೈಗಳನ್ನು ಒಮ್ಮೆ ಮಂಡಿಯ ಮೇಲೆ ಇಡುವಳು, ಒಮ್ಮೆ ಕಂಕುಳಲ್ಲಿ ಸಿಕ್ಕಿಸಿಕೊಳ್ಳುವಳು. ಕೊಟ್ಟಿಗೆಯಿಂದ ಹಸು ಕೂಗಿದಾಗ ಅರ್ಧ ಎದ್ದು, ಮತ್ತೆ ಕೂತಳು.

“ಏ ಹುಡುಗಿ,” ಎಂದು ಕರೆದಳು.

“ಏನತ್ತಿಗೆ?”

“ಸಂಜೆ ಹೊತ್ತು ಜನ ಏನು ಮಾಡ್ತಾರೆ?”

ಹಾಡಿನಕ್ಕ ಕ್ಯಾನನ್ನು ಕೆಳಗಿಟ್ಟು ಯೋಚಿಸಿದಳು. ತಾನು ಕಂಡ ಸಂಜೆಗಳೆಲ್ಲ ಸಭೆಯವು, ಇಲ್ಲವೇ ಮನೆಗೆಲಸದವು. ಉಳಿದವರು ಆ ಹೊತ್ತಿನಲ್ಲಿ ಮನೆಯ ಮುಂದೆ ಕೂತು ಏನು ಮಾಡುತ್ತಾರೆಂದು ಅವಳೂ ನೋಡಿರಲಿಲ್ಲ.

“ಗೊತ್ತಿಲ್ಲ ಅತ್ತಿಗೆ,” ಅಂದಳು. “ಸುಮ್ಮನೆ ಕೂತಿರ್ತಾರೆ ಅನ್ಸುತ್ತೆ.”

“ಎಷ್ಟು ಹೊತ್ತು?”

“ಕತ್ತಲಾಗೋವರೆಗೆ.”

ಅತ್ತಿಗೆ ಆಕಾಶ ನೋಡಿದಳು. ಕತ್ತಲಾಗಲು ಇನ್ನೂ ಬಹಳ ಹೊತ್ತಿತ್ತು. ಅವಳು ಸೆರಗನ್ನು ಮೈತುಂಬ ಹೊದ್ದುಕೊಂಡು ಬೆನ್ನನ್ನು ಕಂಬಕ್ಕೆ ಆನಿಸಿದಳು. ಹಾಡಿನಕ್ಕ ಕ್ಯಾನು ಎತ್ತಿಕೊಂಡು, ಅತ್ತಿಗೆಯ ಸಾಲದಲ್ಲಿ ಮೊದಲನೆಯ ಸಂಜೆಯನ್ನು ತೀರಿಸಲು ಒಳಗೆ ಹೋದಳು.